ತೀವ್ರ ಗಾಯಾಳುಗಳಲ್ಲಿ ರಕ್ತಹೆಪ್ಪು ತಡೆಗಟ್ಟುವಿಕೆ

ತೀವ್ರವಾಗಿ ಗಾಯಗೊಂಡು ಚೇತರಿಸಿಕೊಳ್ಳುತ್ತಿರುವವರ ಅಭಿಧಮನಿಗಳಲ್ಲಿ ರಕ್ತವು ಅನಗತ್ಯವಾಗಿ ಹೆಪ್ಪುಗಟ್ಟದಂತೆ ಕೈಗೊಳ್ಳುವ ಕ್ರಮಗಳನ್ನು ಒಟ್ಟಾಗಿ ರಕ್ತಹೆಪ್ಪು ತಡೆಗಟ್ಟುವಿಕೆ ಎಂದು ಕರೆಯಲಾಗುತ್ತದೆ. ರಸ್ತೆ ಅಪಘಾತ, ಎತ್ತರದಿಂದ ಬೀಳುವಿಕೆ, ಗಣಿ ಮತ್ತು ಕಾರ್ಖಾನೆಗಳ ಅವಘಡ ಮೊದಲಾದ ಕಾರಣಗಳಿಂದ ಮೂಳೆ ಮುರಿದವರು, ತಲೆಗೆ ಅಥವಾ ಬೆನ್ನುಹುರಿಗೆ ಪೆಟ್ಟಾದವರು ದಿನಗಟ್ಟಲೆ ಹಾಸಿಗೆ ಹಿಡಿಯಬೇಕಾಗುತ್ತದೆ. ಅಂಥವರ ಕಾಲಿನ ಅಥವಾ ಸೊಂಟದ ಆಳದ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಸ್ಥಿತಿಗೆ ವೈದ್ಯಕೀಯದಲ್ಲಿ ಡೀಪ್ ವೇನ್ ಥ್ರಾಂಬೋಸಿಸ್, ಚುಟುಕಾಗಿ ಡಿವಿಟಿ ಎಂಬ ಹೆಸರಿದೆ. ಈ ಹೆಪ್ಪಿನ ತುಂಡೊಂದು ಕಳಚಿಕೊಂಡು ರಕ್ತದೊಡನೆ ಹರಿದು ಶ್ವಾಸಕೋಶದ ಅಪಧಮನಿಯನ್ನು ಮುಚ್ಚಿದರೆ ಅದು ಪಲ್ಮನರಿ ಎಂಬಾಲಿಸಂ ಎನಿಸಿಕೊಳ್ಳುತ್ತದೆ. ದೊಡ್ಡ ತುಂಡಾಗಿದ್ದರೆ ಕೆಲವೇ ನಿಮಿಷಗಳಲ್ಲಿ ಸಾವು ಸಂಭವಿಸಬಹುದು.

ಗಾಯವಾದ ಮೊದಲ ದಿನವನ್ನು ದಾಟಿ ಬದುಕುಳಿದವರ ಸಾವಿನ ಪ್ರಮುಖ ಕಾರಣಗಳಲ್ಲಿ ಇದೂ ಒಂದು. ಶಸ್ತ್ರಚಿಕಿತ್ಸೆ ಯಶಸ್ವಿಯಾಗಿ, ಗಾಯ ಮಾಯುತ್ತ ಬಂದು, ಅಪಾಯ ಕಳೆಯಿತೆಂದು ಮನೆಯವರು ನೆಮ್ಮದಿ ತಾಳಿದ ಹೊತ್ತಿನಲ್ಲಿ ಇದು ಎರಗುವುದುಂಟು. ಆದರೂ ಆಸ್ಪತ್ರೆಯಲ್ಲಿ ಸಂಭವಿಸುವ ಸಾವುಗಳ ಪೈಕಿ ಬಹುಮಟ್ಟಿಗೆ ತಡೆಯಬಹುದಾದ ಸಾವುಗಳಲ್ಲಿ ಇದನ್ನು ಎಣಿಸಲಾಗಿದೆ. ಈ ತಡೆಯು ಒಂದು ದಿನದ ಚಿಕಿತ್ಸೆಯಲ್ಲ. ಅದು ಆಸ್ಪತ್ರೆಯಲ್ಲಿ ಆರಂಭವಾಗಿ, ಅನೇಕ ಸಂದರ್ಭಗಳಲ್ಲಿ ರೋಗಿ ಮನೆಗೆ ಮರಳಿದ ಮೇಲೂ ವಾರಗಳ ಕಾಲ ಮುಂದುವರಿಯಬೇಕಾಗುತ್ತದೆ.

ಹೆಪ್ಪು ಉಂಟಾಗುವ ಬಗೆ

ರಕ್ತ ಹೆಪ್ಪುಗಟ್ಟುವುದು ದೇಹದ ರಕ್ಷಣಾ ಕ್ರಿಯೆ. ರಕ್ತನಾಳ ಹರಿದಾಗ ರಕ್ತದಲ್ಲಿರುವ ಕಿರುತಟ್ಟೆಗಳು ಅಲ್ಲಿ ಗುಂಪುಗೂಡಿ, ಫೈಬ್ರಿನ್ ಎಂಬ ಎಳೆಗಳ ಬಲೆ ಹೆಣೆದುಕೊಂಡು ರಕ್ತಸ್ರಾವವನ್ನು ನಿಲ್ಲಿಸುತ್ತವೆ. ಇದೇ ಕ್ರಿಯೆ ಹರಿಯದ ನಾಳದ ಒಳಗೆ ನಡೆದರೆ ರಕ್ತದ ಹಾದಿಯೇ ಮುಚ್ಚಿಹೋಗುತ್ತದೆ.

ಕಾಲಿನಿಂದ ಹೃದಯಕ್ಕೆ ರಕ್ತವು ಭೂಮಿಯ ಸೆಳೆತಕ್ಕೆ ವಿರುದ್ಧವಾಗಿ ಮೇಲೇರಬೇಕು. ನಡೆಯುವಾಗ ಮೀನಖಂಡದ ಸ್ನಾಯುಗಳು ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ನೂಕುತ್ತವೆ. ನಾಳದೊಳಗಿನ ಪುಟ್ಟ ಕವಾಟಗಳು ಅದು ಹಿಂದಕ್ಕೆ ಇಳಿಯದಂತೆ ತಡೆಯುತ್ತವೆ. ಈ ಕಾರಣದಿಂದ ಮೀನಖಂಡವನ್ನು ಎರಡನೆಯ ಹೃದಯ ಎಂದು ಬಣ್ಣಿಸುವುದುಂಟು. ಕಾಲು ಅಲುಗಾಡದೆ ಬಿದ್ದಿದ್ದಾಗ ಈ ಪಂಪು ನಿಂತುಹೋಗುತ್ತದೆ. ಕವಾಟಗಳ ಹಿಂದಿನ ಮೂಲೆಗಳಲ್ಲಿ ರಕ್ತ ಮಡುಗಟ್ಟಿ, ಹೆಪ್ಪು ಸಾಮಾನ್ಯವಾಗಿ ಅಲ್ಲಿಂದಲೇ ಬೆಳೆಯತೊಡಗುತ್ತದೆ.

ಹೆಪ್ಪಿಗೆ ಮೂರು ಮುಖ್ಯ ಕಾರಣಗಳನ್ನು ಹೇಳಲಾಗುತ್ತದೆ: ರಕ್ತದ ಹರಿವು ನಿಧಾನವಾಗುವುದು, ನಾಳದ ಒಳಗೋಡೆಗೆ ಘಾಸಿಯಾಗುವುದು, ರಕ್ತದ ಹೆಪ್ಪುಗಟ್ಟುವ ಗುಣ ಹೆಚ್ಚುವುದು. ಜರ್ಮನಿಯ ವೈದ್ಯವಿಜ್ಞಾನಿ ರುಡಾಲ್ಫ್ ವಿರ್ಚೋ ಅವರ ಹೆಸರಿನಿಂದ ಇವುಗಳಿಗೆ ವಿರ್ಚೋ ತ್ರಿಕ ಎಂಬ ಹೆಸರು ಬಂದಿದೆ. ಇತರ ರೋಗಿಗಳಲ್ಲಿ ಇವುಗಳಲ್ಲೊಂದೋ ಎರಡೋ ಇದ್ದರೆ, ತೀವ್ರ ಗಾಯಾಳುವಿನಲ್ಲಿ ಮೂರೂ ಒಟ್ಟಿಗೆ ಕೂಡಿರುತ್ತವೆ. ಮುರಿದ ಮೂಳೆಯು ನಾಳವನ್ನು ಘಾಸಿಗೊಳಿಸಿರುತ್ತದೆ. ಪ್ಲಾಸ್ಟರ್ ಮತ್ತು ಹಾಸಿಗೆವಾಸದಿಂದ ಹರಿವು ಕುಂದಿರುತ್ತದೆ. ರಕ್ತಸ್ರಾವವನ್ನು ನಿಲ್ಲಿಸಲು ದೇಹವೇ ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನು ಹೆಚ್ಚಿಸಿಕೊಂಡಿರುತ್ತದೆ.

ಹೆಚ್ಚಿನ ಅಪಾಯವಿರುವವರು

ಬೆನ್ನುಹುರಿಯ ಗಾಯದಿಂದ ಕಾಲುಗಳ ಸ್ವಾಧೀನ ತಪ್ಪಿದವರು, ತೊಡೆ, ಮೊಣಕಾಲಿನ ಕೆಳಗಿನ ಮೂಳೆ ಅಥವಾ ಸೊಂಟದ ಮೂಳೆ ಮುರಿದವರು, ತಲೆಗೆ ತೀವ್ರ ಪೆಟ್ಟಾದವರು, ದೊಡ್ಡ ಅಭಿಧಮನಿಗೆ ಗಾಯವಾದವರು ಮತ್ತು ಬಹುಕಾಲ ಕೃತಕ ಉಸಿರಾಟದಲ್ಲಿರುವವರು ಅಪಾಯದ ಮೊದಲ ಸಾಲಿನಲ್ಲಿದ್ದಾರೆ. ವಯಸ್ಸು, ಸ್ಥೂಲಕಾಯ, ಕ್ಯಾನ್ಸರ್, ಗರ್ಭಾವಸ್ಥೆ ಮತ್ತು ಬಾಣಂತನ, ಈಸ್ಟ್ರೊಜೆನ್ ಉಳ್ಳ ಗರ್ಭನಿರೋಧಕ ಮಾತ್ರೆಗಳ ಸೇವನೆ, ಹಿಂದೊಮ್ಮೆ ತನಗಾಗಲಿ ರಕ್ತಸಂಬಂಧಿಗಳಿಗಾಗಲಿ ಹೆಪ್ಪು ಕಟ್ಟಿದ್ದುದು, ಇವು ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಮುಪ್ಪಿನಲ್ಲಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ತೊಡೆಮೂಳೆಯ ಕತ್ತು ಮುರಿದುಕೊಳ್ಳುವುದು ನೋಡಲು ಸಣ್ಣ ಅವಘಡವಾದರೂ, ಹೆಪ್ಪಿನ ದೃಷ್ಟಿಯಿಂದ ಅದು ದೊಡ್ಡ ಗಾಯವೇ ಆಗಿದೆ.

ಲಕ್ಷಣಗಳು ಮತ್ತು ಪತ್ತೆ

ಒಂದು ಕಾಲು ಮಾತ್ರ ಊದಿಕೊಳ್ಳುವುದು, ಮೀನಖಂಡ ಅಥವಾ ತೊಡೆಯಲ್ಲಿ ನೋವು, ಬಿಗಿತ, ಚರ್ಮ ಬೆಚ್ಚಗಾಗಿ ಕೆಂಪೇರುವುದು ಡಿವಿಟಿಯ ಲಕ್ಷಣಗಳು. ಹಠಾತ್ತನೆ ಉಸಿರು ಕಟ್ಟುವುದು, ಉಸಿರೆಳೆದಾಗ ಎದೆ ಚುಚ್ಚುವುದು, ಎದೆಬಡಿತ ಏರುವುದು, ಕೆಮ್ಮಿದಾಗ ರಕ್ತ ಬರುವುದು, ತಲೆ ಸುತ್ತಿ ಬೀಳುವುದು ಹೆಪ್ಪು ಶ್ವಾಸಕೋಶವನ್ನು ತಲುಪಿರುವುದರ ಸೂಚನೆಗಳು.

ಆದರೆ ಲಕ್ಷಣಗಳನ್ನು ಕಾದು ಕುಳಿತುಕೊಳ್ಳುವಂತಿಲ್ಲ. ಕೆನಡಾದ ಟೊರಾಂಟೊದಲ್ಲಿ ವಿಲಿಯಂ ಗೀರ್ಟ್ಸ್ ಮತ್ತು ಸಂಗಡಿಗರು ತಡೆ ಔಷಧ ಪಡೆಯದ 349 ತೀವ್ರ ಗಾಯಾಳುಗಳ ಕಾಲಿನ ಅಭಿಧಮನಿಗಳನ್ನು ಎಕ್ಸರೆ ತಂತ್ರದಿಂದ ಪರೀಕ್ಷಿಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ 201 ಮಂದಿಗೆ, ಅಂದರೆ ಶೇ. 58ರಷ್ಟು ಜನರಿಗೆ ಹೆಪ್ಪು ಕಂಡುಬಂದಿತು. ಈ 201 ಮಂದಿಯಲ್ಲಿ ಪರೀಕ್ಷೆಗೆ ಮುನ್ನ ಹೊರಗೆ ಕಾಣುವ ಲಕ್ಷಣಗಳಿದ್ದವರು ಮೂವರು ಮಾತ್ರ. ಅಲ್ಲದೆ ಕಾಲು ಮುರಿದವರಲ್ಲಿ ಊತ ಮತ್ತು ನೋವು ಹೇಗೂ ಇರುವುದರಿಂದ ಹೆಪ್ಪಿನ ಲಕ್ಷಣಗಳು ಅದರಲ್ಲೇ ಮರೆಯಾಗುತ್ತವೆ.

ಪತ್ತೆಗೆ ಈಗ ಮುಖ್ಯವಾಗಿ ಡಾಪ್ಲರ್ ಅಲ್ಟ್ರಾಸೌಂಡ್ ಬಳಕೆಯಲ್ಲಿದೆ. ಶ್ವಾಸಕೋಶದ ಹೆಪ್ಪನ್ನು ಬಣ್ಣದ್ರವ ನೀಡಿ ಮಾಡುವ ಸಿಟಿ ಸ್ಕ್ಯಾನ್‌ನಿಂದ ಗುರುತಿಸುತ್ತಾರೆ. ಡಿ-ಡೈಮರ್ ಎಂಬ ರಕ್ತಪರೀಕ್ಷೆಯ ಪ್ರಮಾಣ ಗಾಯದಿಂದಲೇ ಏರುವುದರಿಂದ, ಗಾಯಾಳುಗಳಲ್ಲಿ ಅದರ ಉಪಯೋಗ ಸೀಮಿತ.

ಇತಿಹಾಸ

ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಸಾಗುತ್ತದೆಂಬುದನ್ನು ವಿರ್ಚೋ 19ನೆಯ ಶತಮಾನದ ನಡುವಿನಲ್ಲಿ ವಿವರಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಜನ ಬಾಂಬು ದಾಳಿಗೆ ಹೆದರಿ ಆಶ್ರಯತಾಣಗಳಲ್ಲಿ ರಾತ್ರಿಯಿಡೀ ಮಡಚುಕುರ್ಚಿಗಳ ಮೇಲೆ ಕುಳಿತೇ ಕಳೆಯುತ್ತಿದ್ದರು. ಅಂಥವರಲ್ಲಿ ಕೆಲವರು ಶ್ವಾಸಕೋಶದ ಹೆಪ್ಪಿನಿಂದ ಹಠಾತ್ತನೆ ಸತ್ತುದನ್ನು ಶವಪರೀಕ್ಷಾ ತಜ್ಞ ಕೀತ್ ಸಿಂಪ್ಸನ್ 1940ರಲ್ಲಿ ವರದಿ ಮಾಡಿದರು. ಗಾಯವಿಲ್ಲದವರಿಗೂ ಕೇವಲ ಅಲುಗಾಡದಿರುವುದರಿಂದ ಪ್ರಾಣಾಪಾಯ ಒದಗಬಹುದೆಂಬುದು ಇದರಿಂದ ಸ್ಪಷ್ಟವಾಯಿತು.

ಹೆಪ್ಪನ್ನು ತಡೆಯುವ ಹೆಪಾರಿನ್ ಎಂಬ ವಸ್ತುವಿನ ಶೋಧಕ್ಕೆ 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಜೇ ಮ್ಯಾಕ್ಲೀನ್ ನಾಂದಿ ಹಾಡಿದರು. ಅದು ಮೊದಲು ಯಕೃತ್ತಿನಲ್ಲಿ ದೊರೆತುದರಿಂದ ಯಕೃತ್ತಿನ ಗ್ರೀಕ್ ಹೆಸರನ್ನೇ ಆಧರಿಸಿ ಅದಕ್ಕೆ ಹೆಸರಿಡಲಾಯಿತು. 1959ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಅಪಘಾತ ಆಸ್ಪತ್ರೆಯ ಸೆವಿಟ್ ಮತ್ತು ಗ್ಯಾಲಗರ್, ತೊಡೆಮೂಳೆಯ ಕತ್ತು ಮುರಿದ 300 ವೃದ್ಧರಲ್ಲಿ ಅರ್ಧ ಜನರಿಗೆ ಹೆಪ್ಪುರೋಧಕ ಮಾತ್ರೆ ನೀಡಿ ಅಧ್ಯಯನ ನಡೆಸಿದರು. ಮಾತ್ರೆ ಪಡೆದವರಲ್ಲಿ ಹೆಪ್ಪೂ ಅದರಿಂದಾಗುವ ಸಾವೂ ಗಣನೀಯವಾಗಿ ಇಳಿದವು. ಗಾಯಾಳುಗಳಲ್ಲಿ ಹೆಪ್ಪು ಬಂದ ಮೇಲೆ ಚಿಕಿತ್ಸೆ ನೀಡುವ ಬದಲು ಬರುವ ಮುನ್ನವೇ ತಡೆಯಬಹುದೆಂಬುದಕ್ಕೆ ಇದು ಆರಂಭದ ದೊಡ್ಡ ಪುರಾವೆಗಳಲ್ಲೊಂದಾಯಿತು.

ತಡೆಗಟ್ಟುವ ವಿಧಾನಗಳು

ಚಲನೆ: ಮುರಿದ ಮೂಳೆಯನ್ನು ಬೇಗ ಶಸ್ತ್ರಚಿಕಿತ್ಸೆಯಿಂದ ಸ್ಥಿರಗೊಳಿಸಿ ರೋಗಿಯನ್ನು ಎಬ್ಬಿಸಿ ಕೂರಿಸುವುದು, ನಿಲ್ಲಿಸುವುದು, ನಡೆಸುವುದು ತಡೆಯ ಮೊದಲ ಮೆಟ್ಟಿಲು. ಏಳಲಾಗದವರು ವೈದ್ಯರ ಅನುಮತಿಯಿದ್ದಲ್ಲಿ ಪಾದವನ್ನು ಮೇಲಕ್ಕೂ ಕೆಳಕ್ಕೂ ಬಾಗಿಸುವ ವ್ಯಾಯಾಮವನ್ನು ಹಗಲಿನಲ್ಲಿ ಮತ್ತೆ ಮತ್ತೆ ಮಾಡಬಹುದು. ಪ್ರಜ್ಞೆಯಿಲ್ಲದವರಿಗೆ ಭೌತಚಿಕಿತ್ಸಕರು ಇದನ್ನು ಮಾಡಿಸುತ್ತಾರೆ. ದೇಹದಲ್ಲಿ ನೀರಿನಂಶ ಕುಂದದಂತೆ ನೋಡಿಕೊಳ್ಳುವುದೂ ಮುಖ್ಯ.

ಯಾಂತ್ರಿಕ ಸಾಧನಗಳು: ಕಾಲಿಗೆ ಸುತ್ತಿದ ಚೀಲಗಳಲ್ಲಿ ಗಾಳಿ ತುಂಬಿ ಬಿಡುತ್ತ ಮೀನಖಂಡವನ್ನು ಲಯಬದ್ಧವಾಗಿ ಒತ್ತುವ ಯಂತ್ರಗಳಿವೆ. ರಕ್ತಸ್ರಾವದ ಭಯದಿಂದ ಔಷಧ ನೀಡಲಾಗದ ಮೊದಲ ದಿನಗಳಲ್ಲಿ ಇವು ಮುಖ್ಯ ಆಸರೆ. ದಿನದ ಬಹುಭಾಗ ಕಾಲಿಗೆ ತೊಟ್ಟಿದ್ದರೆ ಮಾತ್ರ ಇವುಗಳಿಂದ ಪ್ರಯೋಜನ. ಪಾದದ ಬಳಿ ಬಿಗಿಯಾಗಿದ್ದು ಮೇಲೇರಿದಂತೆ ಸಡಿಲವಾಗುವ ಒತ್ತುಕಾಲುಚೀಲಗಳೂ ಬಳಕೆಯಲ್ಲಿವೆ. ಕಾಲಿನಲ್ಲಿ ತೆರೆದ ಗಾಯವಿದ್ದರೆ ಅಥವಾ ಅಪಧಮನಿಯ ರಕ್ತಸಂಚಾರ ಕುಂದಿದ್ದರೆ ಇವು ಹಾನಿ ಮಾಡಬಹುದು.

ಹೆಪ್ಪುರೋಧಕ ಔಷಧಗಳು: ಸಣ್ಣ ಅಣುವಿನ ಹೆಪಾರಿನ್ ಇವುಗಳಲ್ಲಿ ಪ್ರಮುಖ. ಎನಾಕ್ಸಪಾರಿನ್ ಈ ಗುಂಪಿನ ಹೆಚ್ಚು ಬಳಕೆಯ ಔಷಧ. ಇದನ್ನು ಸಾಮಾನ್ಯವಾಗಿ ಹೊಟ್ಟೆಯ ಚರ್ಮದಡಿಗೆ ದಿನಕ್ಕೆ ಒಂದೋ ಎರಡೋ ಬಾರಿ ಚುಚ್ಚುತ್ತಾರೆ. ಗೀರ್ಟ್ಸ್ ತಂಡವು 1996ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಹಳೆಯ ಹೆಪಾರಿನ್ ಪಡೆದ ಗಾಯಾಳುಗಳಲ್ಲಿ ಶೇ. 44ರಷ್ಟು ಮಂದಿಗೆ ಹೆಪ್ಪು ಕಂಡರೆ, ಎನಾಕ್ಸಪಾರಿನ್ ಪಡೆದವರಲ್ಲಿ ಅದು ಶೇ. 31ಕ್ಕೆ ಇಳಿದಿತ್ತು. ಮೂತ್ರಪಿಂಡದ ಶಕ್ತಿ ಕುಂದಿದವರಿಗೆ ಹಳೆಯ ಹೆಪಾರಿನ್ನೇ ಹೆಚ್ಚು ಸುರಕ್ಷಿತವೆನಿಸಬಹುದು. ಅಪರೂಪಕ್ಕೆ ಹೆಪಾರಿನ್‌ನಿಂದ ಕಿರುತಟ್ಟೆಗಳ ಸಂಖ್ಯೆ ಕುಸಿಯುವುದರಿಂದ ರಕ್ತಪರೀಕ್ಷೆ ಮಾಡಿಸುತ್ತಾರೆ. ಈ ಔಷಧಗಳನ್ನು ಬಹುಮಟ್ಟಿಗೆ ಹಂದಿಯ ಕರುಳಿನ ಒಳಪೊರೆಯಿಂದ ತಯಾರಿಸಲಾಗುತ್ತದೆ. ಧಾರ್ಮಿಕ ಅಥವಾ ಆಹಾರದ ಕಾರಣದಿಂದ ಅದು ಬೇಡವೆನ್ನುವವರು ವೈದ್ಯರಿಗೆ ತಿಳಿಸಿದರೆ, ಸಂಶ್ಲೇಷಿತವಾದ ಫಾಂಡಾಪರಿನಕ್ಸ್‌ನಂಥ ಬದಲಿಗಳನ್ನು ಪರಿಶೀಲಿಸಲು ಅವಕಾಶವಿದೆ.

ಆಸ್ಪಿರಿನ್: ಅಗ್ಗದ ಈ ಮಾತ್ರೆಯನ್ನು ಎನಾಕ್ಸಪಾರಿನ್ ಜೊತೆ ಹೋಲಿಸಿದ ದೊಡ್ಡ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅಮೆರಿಕ ಮತ್ತು ಕೆನಡಾದಲ್ಲಿ ಮೂಳೆ ಮುರಿದ 12,211 ಮಂದಿ ಅದರಲ್ಲಿ ಭಾಗವಹಿಸಿದ್ದರು. 90 ದಿನಗಳ ಅವಧಿಯಲ್ಲಿ ಎರಡೂ ಗುಂಪುಗಳ ಸಾವಿನ ಪ್ರಮಾಣ ಶೇ. 0.8ಕ್ಕಿಂತ ಕಡಿಮೆಯಿದ್ದು, ಹೆಚ್ಚುಕಡಿಮೆ ಸಮನಾಗಿತ್ತು. ಕಾಲಿನ ಹೆಪ್ಪು ಮಾತ್ರ ಆಸ್ಪಿರಿನ್ ಗುಂಪಿನಲ್ಲಿ ತುಸು ಹೆಚ್ಚಾಗಿತ್ತು. ಚುಚ್ಚುಮದ್ದಿನ ಖರ್ಚನ್ನು ಭರಿಸಲಾಗದ ದೇಶಗಳಿಗೆ ಈ ಫಲಿತಾಂಶ ಮಹತ್ವದ್ದಾದರೂ, ಯಾವ ರೋಗಿಗೆ ಯಾವುದು ಸಾಕು ಎಂಬುದನ್ನು ಗಾಯದ ಸ್ವರೂಪ ನೋಡಿ ವೈದ್ಯರೇ ನಿರ್ಧರಿಸಬೇಕು.

ಜಾಲರಿ: ಹೃದಯಕ್ಕೆ ಸಾಗುವ ಕೆಳ ಮಹಾಭಿಧಮನಿಯಲ್ಲಿ ಲೋಹದ ಪುಟ್ಟ ಜಾಲರಿಯನ್ನಿಟ್ಟು ಹೆಪ್ಪಿನ ತುಂಡುಗಳನ್ನು ಅಲ್ಲಿಯೇ ಹಿಡಿಯುವ ವಿಧಾನವಿದೆ. ಔಷಧ ನೀಡಲಾಗದ 240 ತೀವ್ರ ಗಾಯಾಳುಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಲ್ಲರಿಗೂ ಮುಂಚಿತವಾಗಿ ಜಾಲರಿ ಹಾಕುವುದರಿಂದ ಒಟ್ಟಾರೆ ಲಾಭ ಕಂಡುಬರಲಿಲ್ಲ. ಆದ್ದರಿಂದ ಇದನ್ನು ಆಯ್ದ ಸಂದರ್ಭಗಳಿಗೆ ಮಾತ್ರ ಮೀಸಲಿಡುತ್ತಾರೆ.

ರಕ್ತಸ್ರಾವ ಮತ್ತು ಹೆಪ್ಪು: ಎರಡು ಅಪಾಯಗಳ ತೂಕ

ಗಾಯಾಳುಗಳಲ್ಲಿ ಈ ತಡೆ ಕಠಿಣವಾಗುವುದು ಒಂದು ವಿರೋಧಾಭಾಸದಿಂದ. ಮೊದಲ ಗಂಟೆಗಳಲ್ಲಿ ರಕ್ತ ನಿಲ್ಲಬೇಕು, ಅಂದರೆ ಹೆಪ್ಪುಗಟ್ಟಬೇಕು. ಒಂದೆರಡು ದಿನಗಳೊಳಗೆ ಅದೇ ರಕ್ತ ಹೆಪ್ಪುಗಟ್ಟಬಾರದು. ಔಷಧವನ್ನು ಬೇಗ ಕೊಟ್ಟರೆ ಮಿದುಳಿನೊಳಗೆ ಅಥವಾ ಹೊಟ್ಟೆಯೊಳಗೆ ರಕ್ತಸ್ರಾವ ಮರುಕಳಿಸಬಹುದು. ತಡಮಾಡಿದರೆ ಹೆಪ್ಪು ಕಟ್ಟಬಹುದು.

ಯಕೃತ್ತು ಅಥವಾ ಗುಲ್ಮಕ್ಕೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಯಿಲ್ಲದೆ ನಿಭಾಯಿಸಲಾಗುತ್ತಿರುವವರಿಗೆ, ರಕ್ತಸ್ರಾವ ನಿಂತಿರುವುದು ಖಚಿತವಾದರೆ ಸಾಮಾನ್ಯವಾಗಿ 48 ಗಂಟೆಗಳೊಳಗೆ ಔಷಧ ಆರಂಭಿಸುವುದು ಈಗಿನ ರೂಢಿ. ತಲೆಗೆ ಪೆಟ್ಟಾದವರಲ್ಲಿ ಮರುಸ್ಕ್ಯಾನ್ ಮಾಡಿ ರಕ್ತಸ್ರಾವ ಬೆಳೆದಿಲ್ಲವೆಂದು ಕಂಡ ಮೇಲೆ, ಬಹುಪಾಲು 24ರಿಂದ 72 ಗಂಟೆಗಳ ನಡುವೆ ಈ ನಿರ್ಧಾರ ಕೈಗೊಳ್ಳುತ್ತಾರೆ. ಅಲ್ಲಿಯವರೆಗೆ ಯಾಂತ್ರಿಕ ಸಾಧನಗಳೇ ಕಾವಲು. ಸೊಂಟ ಮತ್ತು ತೊಡೆಯ ಮೂಳೆಯ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಔಷಧವನ್ನು ಕನಿಷ್ಠ 10ರಿಂದ 14 ದಿನ, ಅನೇಕರಿಗೆ 35 ದಿನಗಳವರೆಗೆ ಮುಂದುವರಿಸಲು ಸಲಹೆಯಿದೆ. ಬೆನ್ನುಹುರಿಯ ಗಾಯವಾದವರಿಗೆ ಎರಡು-ಮೂರು ತಿಂಗಳು ಬೇಕಾಗಬಹುದು.

ಭಾರತದಲ್ಲಿ

ಏಷ್ಯಾದ ಜನರಲ್ಲಿ ಅಭಿಧಮನಿಯ ಹೆಪ್ಪು ಅಪರೂಪವೆಂಬ ನಂಬಿಕೆ ಬಹುಕಾಲ ವೈದ್ಯರಲ್ಲಿಯೂ ಇತ್ತು. ಅದರಿಂದ ತಡೆಕ್ರಮಗಳಿಗೆ ತಕ್ಕ ಗಮನ ದೊರೆಯಲಿಲ್ಲ. ನಂತರದ ಅಧ್ಯಯನಗಳು ಈ ನಂಬಿಕೆಯನ್ನು ಸಡಿಲಿಸಿವೆ. ಎಂಡಾರ್ಸ್ ಎಂಬ ಅಂತರರಾಷ್ಟ್ರೀಯ ಸಮೀಕ್ಷೆಯ ಭಾರತೀಯ ಭಾಗದಲ್ಲಿ 10 ಆಸ್ಪತ್ರೆಗಳ ಎರಡು ಸಾವಿರಕ್ಕೂ ಹೆಚ್ಚು ಒಳರೋಗಿಗಳನ್ನು ಪರಿಶೀಲಿಸಲಾಯಿತು. ಅರ್ಧಕ್ಕಿಂತ ಹೆಚ್ಚು ರೋಗಿಗಳು ಹೆಪ್ಪಿನ ಅಪಾಯದಲ್ಲಿದ್ದರು. ಅಪಾಯದಲ್ಲಿದ್ದವರ ಪೈಕಿ ಶಿಫಾರಸಿನ ಪ್ರಕಾರ ತಡೆ ಪಡೆದವರು ಶೇ. 17ರಷ್ಟು ಮಾತ್ರ.

ಹೊಸಪೇಟೆ ಮತ್ತು ಕಮಲಾಪುರ ಪ್ರದೇಶದಲ್ಲಿ

ವಿಜಯನಗರ ಜಿಲ್ಲೆಯ ಹೊಸಪೇಟೆ, ಹಂಪಿ, ಕಮಲಾಪುರ ಹಾಗೂ ನೆರೆಯ ಬಳ್ಳಾರಿ ಜಿಲ್ಲೆಯ ಸಂಡೂರು, ಕಂಪ್ಲಿಗಳನ್ನೊಳಗೊಂಡ ಸೀಮೆಯಲ್ಲಿ ಈ ವಿಷಯಕ್ಕೆ ವಿಶೇಷ ಪ್ರಸ್ತುತತೆಯಿದೆ. ರಾಷ್ಟ್ರೀಯ ಹೆದ್ದಾರಿ 50 ಮತ್ತು 67 ಹೊಸಪೇಟೆಯಲ್ಲಿ ಸಂಧಿಸುತ್ತವೆ. ಸಂಡೂರಿನ ಕಬ್ಬಿಣದ ಅದಿರಿನ ಗಣಿಗಳು ಮತ್ತು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದಾಗಿ ಲಾರಿಗಳ ಸಂಚಾರ ಹೆಚ್ಚು. ಕಮಲಾಪುರದ ಮೂಲಕ ಹಂಪಿಗೂ ಕಂಪ್ಲಿಗೂ ಸಾಗುವ ರಸ್ತೆಗಳಲ್ಲಿ ಪ್ರವಾಸಿಗರ ವಾಹನ, ಕಬ್ಬು ಮತ್ತು ಬಾಳೆ ಹೇರಿದ ಟ್ರ್ಯಾಕ್ಟರು, ದ್ವಿಚಕ್ರ ವಾಹನಗಳು ಒಟ್ಟಿಗೆ ಓಡಾಡುತ್ತವೆ. ತಲೆಯ ಪೆಟ್ಟು ಮತ್ತು ಕಾಲಿನ ಉದ್ದಮೂಳೆಗಳ ಮುರಿತ ದ್ವಿಚಕ್ರ ವಾಹನಗಳ ಅಪಘಾತದಲ್ಲಿ ಸಾಮಾನ್ಯ. ಹೆಪ್ಪಿನ ಅಪಾಯ ಹೆಚ್ಚಿರುವ ಗಾಯಗಳೂ ಇವೇ.

ಈ ಭಾಗದ ತೀವ್ರ ಗಾಯಾಳುಗಳನ್ನು ಸ್ಥಳೀಯ ಆಸ್ಪತ್ರೆಯ ಪ್ರಥಮ ಚಿಕಿತ್ಸೆಯ ನಂತರ ಸುಮಾರು 60 ಕಿ.ಮೀ. ದೂರದ ಬಳ್ಳಾರಿಗೆ ಕಳುಹಿಸುವುದುಂಟು. ಅಲ್ಲಿಯ ಸರ್ಕಾರಿ ವೈದ್ಯಕೀಯ ಕಾಲೇಜು 1961ರಲ್ಲಿ ಆರಂಭವಾದುದು. ವಿಮ್ಸ್ ಎಂಬ ಹೆಸರಿನಿಂದ ಅದು ಪರಿಚಿತ. ಕೆಲವರು ಕೊಪ್ಪಳ, ಹುಬ್ಬಳ್ಳಿ ಅಥವಾ ಬೆಂಗಳೂರಿನ ಆಸ್ಪತ್ರೆಗಳಿಗೂ ಹೋಗುತ್ತಾರೆ. ಹೀಗೆ ಒಬ್ಬ ರೋಗಿಯ ಆರೈಕೆ ಎರಡು-ಮೂರು ಆಸ್ಪತ್ರೆಗಳ ನಡುವೆ ಹಂಚಿಹೋದಾಗ, ಹೆಪ್ಪುರೋಧಕವನ್ನು ಆರಂಭಿಸಲಾಗಿತ್ತೆ, ಕಡೆಯ ಚುಚ್ಚುಮದ್ದು ಯಾವಾಗ, ಎಷ್ಟು ದಿನ ಬೇಕು ಎಂಬ ಮಾಹಿತಿ ಹಾದಿಯಲ್ಲಿ ತಪ್ಪಿಹೋಗುವ ಸಾಧ್ಯತೆ ಹೆಚ್ಚು. ಒಂದು ಡೋಸು ತಪ್ಪಿದರೆ ಹೆಪ್ಪಿನ ಅಪಾಯ. ಮಾಹಿತಿಯಿಲ್ಲದೆ ಎರಡು ಬಾರಿ ಕೊಟ್ಟರೆ ರಕ್ತಸ್ರಾವದ ಅಪಾಯ. ಆದ್ದರಿಂದ ವರ್ಗಾವಣೆ ಪತ್ರದಲ್ಲಿ ಔಷಧದ ಹೆಸರು, ಪ್ರಮಾಣ, ಕೊಟ್ಟ ವೇಳೆ ಬರೆದಿರುವುದು ಅತ್ಯವಶ್ಯಕ.

ವೆಚ್ಚವೂ ಒಂದು ಅಡ್ಡಿ. ರಸ್ತೆ ಅಪಘಾತದ ಗಾಯಾಳುಗಳಿಗಾಗಿ ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆಗೆ ಅವಕಾಶವಿದೆ. ಹೆಪ್ಪಿನ ಅಪಾಯವಾದರೋ ವಾರಗಳ ಕಾಲ ಇರುತ್ತದೆ. ಅರ್ಹ ಕುಟುಂಬಗಳು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನೂ ವಿಚಾರಿಸಬಹುದು. ಔಷಧಗಳ ಬೆಲೆಯನ್ನು ಜನೌಷಧಿ ಕೇಂದ್ರಗಳಲ್ಲಿ ಹೋಲಿಸಿ ನೋಡಬಹುದು.

ಮನೆಯ ಆರೈಕೆ ಮತ್ತು ರೂಢಿಗಳು

ಬಿದ್ದು ಪೆಟ್ಟಾದವರು ಅಲುಗಾಡಬಾರದೆಂಬ ಭಾವನೆ ಮನೆಗಳಲ್ಲಿ ಆಳವಾಗಿದೆ. ಮುರಿದ ಭಾಗಕ್ಕೆ ವಿಶ್ರಾಂತಿ ಬೇಕೆಂಬುದು ನಿಜವಾದರೂ, ಇಡೀ ದೇಹವನ್ನು ವಾರಗಟ್ಟಲೆ ನಿಶ್ಚಲವಾಗಿರಿಸುವುದು ಹೆಪ್ಪಿಗೆ ಎಡೆ ಮಾಡಿಕೊಡುತ್ತದೆ. ಏಳುವುದು ಕಷ್ಟವೆಂದು, ಮತ್ತೊಬ್ಬರಿಗೆ ತೊಂದರೆಯೆಂದು ಸಂಕೋಚಪಟ್ಟು ನೀರು ಕುಡಿಯುವುದನ್ನೇ ಕಡಿಮೆ ಮಾಡುವ ರೋಗಿಗಳಿದ್ದಾರೆ. ಹೆಂಗಸರಲ್ಲಿ ಈ ರೂಢಿ ಹೆಚ್ಚು. ಇದರಿಂದ ಅಪಾಯ ಇನ್ನಷ್ಟು ಏರಬಹುದು. ವೈದ್ಯರು ನೀರಿಗೆ ಮಿತಿ ಹೇಳಿಲ್ಲದಿದ್ದರೆ ಸಾಕಷ್ಟು ನೀರು ಕೊಡುವುದು ಆರೈಕೆಯ ಭಾಗ.

ಊದಿಕೊಂಡ ಕಾಲಿಗೆ ಎಣ್ಣೆ ಹಚ್ಚಿ ನೀವುವುದು ಇನ್ನೊಂದು ರೂಢಿ. ಒಳಗೆ ಹೆಪ್ಪಿದ್ದರೆ ನೀವುವಿಕೆಯಿಂದ ಅದು ಕಳಚಿಕೊಂಡು ಶ್ವಾಸಕೋಶಕ್ಕೆ ಸಾಗಬಹುದು. ಆದ್ದರಿಂದ ಹೊಸದಾಗಿ ಕಾಣಿಸಿಕೊಂಡ ಊತವನ್ನು ಪರೀಕ್ಷಿಸದೆ ತಿಕ್ಕಬಾರದು. ಪುತ್ತೂರು ಕಟ್ಟು ಮೊದಲಾದ ನಾಟಿ ಪದ್ಧತಿಯಲ್ಲಿ ಮೂಳೆ ಕಟ್ಟಿಸಿಕೊಳ್ಳುವವರೂ ಈ ಅಪಾಯದಿಂದ ಹೊರತಲ್ಲ. ಕಟ್ಟು ಯಾವುದಾದರೂ, ಕಾಲು ನಿಶ್ಚಲವಾಗಿರುವಷ್ಟು ಕಾಲ ಹೆಪ್ಪಿನ ಸಾಧ್ಯತೆ ಇದ್ದೇ ಇರುತ್ತದೆ.

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಮನೆಯವರು ಕೇಳಿ ಬರೆಸಿಕೊಳ್ಳಬೇಕಾದ ಸಂಗತಿಗಳು ಇವು:

1. ಹೆಪ್ಪು ತಡೆಯುವ ಔಷಧವನ್ನು ಮುಂದುವರಿಸಬೇಕೆ? ಯಾವ ದಿನಾಂಕದವರೆಗೆ?
2. ಚುಚ್ಚುಮದ್ದನ್ನು ಮನೆಯಲ್ಲಿ ಯಾರು ಕೊಡಬೇಕು? ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡಿಸಬಹುದೆ?
3. ಒಂದು ಹೊತ್ತಿನ ಔಷಧ ತಪ್ಪಿದರೆ ಏನು ಮಾಡಬೇಕು?
4. ಯಾವ ವ್ಯಾಯಾಮ ಮಾಡಬಹುದು? ಎಂದಿನಿಂದ ನಡೆಯಬಹುದು?
5. ನೋವಿಗಾಗಿ ಯಾವ ಮಾತ್ರೆ ಸುರಕ್ಷಿತ? ಕೆಲವು ನೋವುನಿವಾರಕಗಳು ಹೆಪ್ಪುರೋಧಕದೊಡನೆ ಸೇರಿದರೆ ರಕ್ತಸ್ರಾವ ಹೆಚ್ಚಿಸುತ್ತವೆ.
6. ಊರಿಗೆ ಮರಳುವ ದೂರದ ಪ್ರಯಾಣದಲ್ಲಿ ಎಲ್ಲೆಲ್ಲಿ ನಿಲ್ಲಿಸಿ ಕಾಲಾಡಿಸಬೇಕು?

ತುರ್ತು ಸಂದರ್ಭ

ಗಾಯವಾದ ಅಥವಾ ಶಸ್ತ್ರಚಿಕಿತ್ಸೆಯಾದ ನಂತರದ ಮೂರು ತಿಂಗಳೊಳಗೆ ಹಠಾತ್ತನೆ ಉಸಿರಾಟದ ತೊಂದರೆ, ಎದೆನೋವು ಅಥವಾ ಪ್ರಜ್ಞೆ ತಪ್ಪುವುದು ಕಂಡುಬಂದರೆ, ಅದನ್ನು ನಿಶ್ಶಕ್ತಿ ಅಥವಾ ವಾಯು ಎಂದು ತಳ್ಳಿಹಾಕದೆ ತಕ್ಷಣ 108ಕ್ಕೆ ಕರೆ ಮಾಡಬೇಕು. ಕರ್ನಾಟಕದಲ್ಲಿ ಈ ಆಂಬುಲೆನ್ಸ್ ಸೇವೆ ಆರೋಗ್ಯ ಕವಚ ಎಂಬ ಹೆಸರಿನಲ್ಲಿ 2008ರಿಂದ ನಡೆಯುತ್ತಿದೆ. ಇತ್ತೀಚೆಗೆ ಗಾಯವಾಗಿತ್ತು ಅಥವಾ ಶಸ್ತ್ರಚಿಕಿತ್ಸೆಯಾಗಿತ್ತು ಎಂಬ ಒಂದು ಮಾತನ್ನು ವೈದ್ಯರಿಗೆ ಮೊದಲೇ ಹೇಳಿದರೆ ರೋಗನಿರ್ಣಯ ಬೇಗ ಆಗುತ್ತದೆ. ಹೆಪ್ಪುರೋಧಕ ಪಡೆಯುತ್ತಿರುವವರಲ್ಲಿ ಮಲ ಕಪ್ಪಾಗುವುದು, ಮೂತ್ರದಲ್ಲಿ ರಕ್ತ, ನಿಲ್ಲದ ಮೂಗಿನ ರಕ್ತಸ್ರಾವ, ತೀವ್ರ ತಲೆನೋವು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಜಾಗೃತಿ

ವಿರ್ಚೋ ಅವರ ಜನ್ಮದಿನವಾದ ಅಕ್ಟೋಬರ್ 13ನ್ನು 2014ರಿಂದ ವಿಶ್ವ ಥ್ರಾಂಬೋಸಿಸ್ ದಿನವಾಗಿ ಆಚರಿಸಲಾಗುತ್ತಿದೆ. ಪ್ರತಿ ಒಳರೋಗಿಗೂ ದಾಖಲಾದ ಕೂಡಲೇ ಹೆಪ್ಪಿನ ಅಪಾಯವನ್ನು ಅಂದಾಜು ಮಾಡಬೇಕು, ರೋಗಿಯೂ ಮನೆಯವರೂ ಅದನ್ನು ಕೇಳಿ ತಿಳಿದುಕೊಳ್ಳಬೇಕು ಎಂಬುದು ಈ ಆಚರಣೆಯ ಮುಖ್ಯ ಸಂದೇಶಗಳಲ್ಲೊಂದು.